ಮರುಳಸಿದ್ದಪ್ಪನವರ ಸೈಕಲ್ ಪರೀಕ್ಷೆ

ಕಡೂರಿನ ಕೊಬ್ಬರಿ ವ್ಯಾಪಾರಿ ಮರುಳಸಿದ್ದಪ್ಪನವರಿಗೆ ಕುಳಿತಲ್ಲಿ ಕೂರಲಾಗದು. ತರೀಕೆರೆಯ ಯಾವುದೋ ಅಟ್ಟದಲ್ಲಿ ಹಳೆಯ ಸೈಕಲ್ಲಿದೆ ಎಂದು ಕಿವಿಗೆ ಬಿದ್ದರೆ ಸಾಕು, ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತುತ್ತಾರೆ. ಸೈಕಲ್ಲು ಕಂಡೊಡನೆ ಪಂಚೆ ಎತ್ತಿ ಕಟ್ಟಿ ಮಂಡಿಯೂರುತ್ತಾರೆ. ಸೀಟಿನ ಚರ್ಮವನ್ನು ಮೂಸುತ್ತಾರೆ, ಬೆಲ್ಲು ಬಾರಿಸಿ ಕಣ್ಣು ಮುಚ್ಚಿ ಕೇಳುತ್ತಾರೆ, ಉಗುರಿನಿಂದ ಕೆರೆದು ಒಳಗಿನ ಬಣ್ಣ ನೋಡುತ್ತಾರೆ. "ಹಳೇದಾದ್ರೆ ಸಾಲ್ದು ಕಣ್ರೀ, ಹಂಗಾದ್ರೆ ನಾನೂ ವಿಂಟೇಜೇ. ಕಂಪ್ನಿಯಿಂದ ಬಂದ ಸಾಮಾನು ಒಂದೂ ಬದಲಾಗಿರ್ಬಾರ್ದು," ಎಂದು ಎದ್ದು, ಕೊಟ್ಟ ಕಾಫಿ ಆರುವ ಮೊದಲೇ ಮುಂದಿನ ಊರಿಗೆ ಹೊರಡುತ್ತಾರೆ. ಪೆಡಲ್ ಬೇರೆಯದೆಂದು ಬೀಗರ ಮನೆಯ ಸೈಕಲ್ಲನ್ನೇ ಗುಜರಿ ಎಂದವರು ಅವರು. ಅಂಥವರಿಗೆ ಜೀವಮಾನವೆಲ್ಲ ಹುಡುಕಿದ ಸೈಕಲ್ಲು ಕೊನೆಗೆ ಅಜ್ಜಂಪುರದ ಈರಕ್ಕನ ಕೊಟ್ಟಿಗೆಯಲ್ಲಿ ಸಿಕ್ಕಿತು. ಕಂಪನಿಯ ಬಿಲ್ಲೆ, ಸರಳಿನ ಬ್ರೇಕು, ಬಣ್ಣ ಎಲ್ಲವೂ ಮೊದಲಿನವೇ. ಮುಂದಿನ ಕಂಬಿಯ ಮೇಲೆ ಮಾತ್ರ ಈರಕ್ಕನ ಗಂಡ ಮಗಳಿಗೆಂದು ಬೆಸುಗೆ ಹಾಕಿಸಿದ ಪುಟ್ಟ ಸೀಟು. ಆ ಮಗು ಶಾಲೆ ಮುಗಿಸುವ ಮೊದಲೇ ತೀರಿಕೊಂಡಿತ್ತು. ಅದನ್ನರಿಯದ ಮರುಳಸಿದ್ದಪ್ಪನವರು, "ಇದೊಂದು ಕೊಯ್ಸಿಬಿಟ್ರೆ ಅಪ್ಪಟ ವಿಂಟೇಜು ಕಣಮ್ಮ, ಕೇಳಿದಷ್ಟು ಕೊಡ್ತೀನಿ," ಎಂದರು. ಈರಕ್ಕ ಸೆರಗಿನಿಂದ ಸೀಟಿನ ಧೂಳು ಒರೆಸಿ, "ಕೊಯ್ಸಿ ಸಾವ್ಕಾರ್ರೇ. ನನ್ ಮಗಳು ಕೂತಿದ್ದು ನಂಗಿರ್ಲಿ, ಮಿಕ್ಕಿದ್ದು ನೀವ್ ತಗಂಡೋಗಿ," ಎಂದಳು. ಅವರು ಸೈಕಲ್ಲು ಕೊಳ್ಳಲಿಲ್ಲ. ಈಗಲೂ ಅಜ್ಜಂಪುರದ ಕಡೆ ಹೋದಾಗಲೆಲ್ಲ ಅದರ ಚೈನಿಗೆ ಎಣ್ಣೆ ಬಿಟ್ಟು, ಆ ಪುಟ್ಟ ಸೀಟಿಗೂ ತುಕ್ಕು ಹಿಡಿಯದಂತೆ ಒರೆಸಿ ಬರುತ್ತಾರೆ.