ಅಣ್ಣನ ಪಾಲಿನ ಡಬ್ಬಿ

ಮಿಲಿಟರಿ ಡಬ್ಬಿಯ ಊಟ ಆರಿಸುವುದನ್ನು ನನಗೆ ಕಲಿಸಿದವನು ಅಣ್ಣ. ಫೌಜಿಗೆ ಸೇರಿದವನು ರಜೆಗೆ ಬಂದಾಗ ಹುಮನಾಬಾದಿನ ನಮ್ಮ ಮನೆಗೆ ಒಂದು ಚೀಲ ತುಂಬ ತಂದಿದ್ದ. ಬೇಯಿಸಿದ ಅನ್ನ, ಕಾಳಿನ ಪಲ್ಯ; ಒಲೆ ಬೇಡ, ನೀರು ಬೇಡ, ಮುಚ್ಚಳ ಕೊಯ್ದರೆ ಊಟ. ಉಬ್ಬಿದ ಡಬ್ಬಿ ಮುಟ್ಟಬೇಡ, ಅಂಚಿಗೆ ತುಕ್ಕು ಹಿಡಿದದ್ದು ಬೇಡ, ಹೆಬ್ಬೆರಳಿಂದ ಒತ್ತಿದರೆ ಟಕ್ ಎನ್ನುವುದನ್ನು ಎಸೆದುಬಿಡು ಎಂದಿದ್ದ. ಎತ್ತು ಕೊಳ್ಳುವವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಎಂದು ನಾನು ನಕ್ಕಿದ್ದೆ. ಪ್ರಯಾಣಕ್ಕೋ ಆಪತ್ತಿಗೋ ಇರಲಿ ಎಂದು ಅವ್ವ ಅವನ್ನು ಮಂಚದ ಕೆಳಗೆ ಇಟ್ಟಳು.

ಎಪ್ಪತ್ತೊಂದರ ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿತು. ಅಣ್ಣ ಇದ್ದಾನೋ ಇಲ್ಲವೋ, ಅದನ್ನು ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲೇ ಎಳ್ಳಮಾವಾಸ್ಯೆ ಬಂತು. ಆ ದಿನ ಹೊಲಕ್ಕೆ ಬುತ್ತಿ ಒಯ್ದು, ಮೊದಲು ಭೂಮಿಗೆ ಅದರ ಪಾಲಿನ ಎಡೆಯಾದ ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುವುದು ಪದ್ಧತಿ. ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ, ರೊಟ್ಟಿ ಕಟ್ಟಿದ ಮೇಲೆ ಅವ್ವ, ಮಂಚದ ಕೆಳಗಿನಿಂದ ಒಂದು ಒಳ್ಳೆಯ ಡಬ್ಬಿ ಆರಿಸು ಎಂದಳು. ಅಣ್ಣನ ಹೆಸರಿನಲ್ಲಿ ಚೆಲ್ಲುವುದು ಅವನು ಗುರುತಿಸುವ ಊಟವೇ ಆಗಿರಲಿ ಎಂಬುದು ಅವಳ ಲೆಕ್ಕ.

ಬಸವಕಲ್ಯಾಣದಿಂದ ಹಬ್ಬಕ್ಕೆ ಬಂದಿದ್ದ ಅತ್ತೆ, ಅಪ್ಪನ ತಂಗಿ, ಬೆಚ್ಚಿದಳು.

“ಬದುಕಿದವರ ಹೆಸರಲೆ ಮಣ್ಣಿಗೆ ಉಣಸಬಾರ್ದು, ವೈನಿ.”

“ನೆಲ ಎಲ್ಲಾ ಕಡಿ ಒಂದೇ ಅದ,” ಎಂದಳು ಅವ್ವ. “ಇಲ್ಲಿ ಚೆಲ್ಲಿದ್ದು ಅವಗ ಮುಟ್ತದ.”

ಘಾಟಬೋರಾಳದ ದಾರಿಯಲ್ಲಿದ್ದ ನಮ್ಮ ಹೊಲದಲ್ಲಿ ಅಪ್ಪ ಜೋಳದ ಸಾಲುಗುಂಟ ಕೂಗುತ್ತ ಚರಗ ಚೆಲ್ಲಿದ. ಅವ್ವ ಕುಡುಗೋಲಿನ ಮೊನೆಯಿಂದ ಡಬ್ಬಿ ಕೊಯ್ದು ಬದುವಿನ ಮೇಲೆ ಬೋರಲು ಹಾಕಿದಳು. ಅನ್ನ ಚೆದುರಲಿಲ್ಲ, ಡಬ್ಬಿಯ ಆಕಾರದಲ್ಲೇ ಬೆಳ್ಳಗೆ ನಿಂತಿತು. ನಾವು ಉಂಡು, ಮರದ ನೆರಳಲ್ಲಿ ಅಡ್ಡಾಗಿ, ಹೊತ್ತು ಇಳಿದ ಮೇಲೆ ಎದ್ದು ನೋಡಿದರೆ ಗುಬ್ಬಿಗಳು ಭಜ್ಜಿಯ ಒಂದು ಕಾಳೂ ಬಿಟ್ಟಿರಲಿಲ್ಲ. ಡಬ್ಬಿಯ ಅನ್ನಕ್ಕೆ ಒಂದು ಕೊಕ್ಕೂ ತಗುಲಿರಲಿಲ್ಲ. ಇರುವೆಗಳ ಸಾಲು ಅದರ ಹತ್ತಿರದವರೆಗೆ ಬಂದು, ಸುತ್ತು ಹಾಕಿ, ಆಚೆ ಹೋಗುತ್ತಿತ್ತು. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಆ ಇರುವೆಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ.

ಅತ್ತೆಯ ಮುಖ ಅರಳಿತು. ಮಣ್ಣು ಒಲ್ಲೆ ಎಂದಿದೆ, ಅಂದರೆ ಹುಡುಗ ಮಣ್ಣಾಗಿಲ್ಲ ಎಂದಳು. ಅಪ್ಪ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡ. ಅವ್ವ ಮಾತ್ರ ಬದುವಿನ ಮೇಲೆ ಕುಸಿದು ಕುಳಿತಳು.

“ಹಂಗಂದ್ರ ಅವಗ ಮುಟ್ಟಿಲ್ಲ. ನನ ಮಗ ಹಸದು ಒದ್ದಾಡಾಕತ್ತಾನ.”

ಎಂದವಳೇ ಆ ಅನ್ನವನ್ನು ಮಣ್ಣಿನ ಸಮೇತ ಬಾಚಿ ತಿನ್ನತೊಡಗಿದಳು. ಅವಳ ಹಟ ಊರಿಗೇ ಗೊತ್ತು. ತಡೆಯಲು ಹೋದ ಅಪ್ಪನ ಕೈಯನ್ನು ತಳ್ಳಿದಳು. ಹಲ್ಲಿನ ನಡುವೆ ಉಸುಕು ಕರಕರ ಎನ್ನುವುದು ನನಗೆ ಕೇಳುತ್ತಿತ್ತು. ಕೊನೆಯ ಅಗುಳಿನವರೆಗೂ ತಿಂದು, ಈಗ ಅವನ ಹೊಟ್ಟೆ ತುಂಬಿತು ಎಂದಳು.

ಹೋಳಿಯ ಹೊತ್ತಿಗೆ ಅಣ್ಣ ಬಂದ. ಕೈಕಾಲು ನೆಟ್ಟಗಿದ್ದವು. ಅವ್ವ ಬಿಸಿ ರೊಟ್ಟಿ ಬಡಿದು, ಬೆಣ್ಣೆ ಹಚ್ಚಿ ಮುಂದಿಟ್ಟಳು. ಅವನು ಗಂಗಾಳವನ್ನು ಮೆಲ್ಲಗೆ ಸರಿಸಿದ. ಗಡಿಯಲ್ಲಿ ಮಣ್ಣಿನ ತಗ್ಗೊಂದರಲ್ಲಿ ಸಿಕ್ಕಿಬಿದ್ದದ್ದು, ಊಟ ತರುವವರು ಬಾರದೆ ಎಲ್ಲರೂ ಹಸಿವಿನಿಂದ ನರಳಿದ್ದು, ಎಲ್ಲ ಹೇಳಿದ.

“ಎಳ್ಳಮಾಶಿ ದಿನ ಸಂಜಿಮುಂದ ಬಾಯಾಗ ಉಸುಕ ಬಂದಂಗಾತವ್ವ, ಹೊಟ್ಟಿ ತುಂಬಿತು. ಅವತ್ತಿನಿಂದ ನನಗ ಹಸಿವೇ ಆಗವಲ್ದು.”

ಬಲವಂತ ಮಾಡಿದರೆ ಎರಡು ತುತ್ತು ತಿನ್ನುತ್ತಿದ್ದ, ಅಷ್ಟೇ. ತಾನಾಗಿ ಎಂದೂ ಅನ್ನ ಕೇಳಲಿಲ್ಲ. ಹೊಸ್ತಿಲು ದಾಟಿ ಬಂದವರನ್ನೆಲ್ಲ ಉಂಡಿರೇನು ಎಂದು ಕೇಳುವವಳು ಅವ್ವ. ಅಣ್ಣನನ್ನು ಮಾತ್ರ ಆ ಮಾತು ಕೇಳಲು ಅವಳಿಗೆ ಸಾಯುವತನಕ ಧೈರ್ಯ ಬರಲಿಲ್ಲ.