ವಕೀಲರ ಫೀ ಉಳಿಸಿದ್ದು

ಕಾಲುವೆ ನೀರು ಬಂದ ಮೇಲೆ ಶಹಾಪುರದ ಸುತ್ತ ಹತ್ತಿ ಹೆಚ್ಚಿತು, ಹತ್ತಿಯ ಬೆನ್ನಿಗೆ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳೂ ಬಂದವು. ಅಂಥ ಒಂದು ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುವ ಮುನೀಮನಾಗಿದ್ದೆ. ಕಾಯಂ ಕೆಲಸದವರು ಇಪ್ಪತ್ತಾರು ಮಂದಿ. ಅವರ ಪಗಾರದಲ್ಲಿ ಇಷ್ಟು ಹಿಡಿದು, ಮಾಲೀಕರು ಅಷ್ಟೇ ಸೇರಿಸಿ, ನಿವೃತ್ತಿಗೆಂದು ಒಂದು ಫಂಡು ನಡೆಸುತ್ತಿದ್ದೆವು. ಅದಕ್ಕೊಂದು ಟ್ರಸ್ಟು, ಟ್ರಸ್ಟಿಗೊಂದು ಪತ್ರ, ಕಾರ್ಯದರ್ಶಿ ಅಂತ ನಾನು.

ಒಂದು ದಿನ ಸರಕಾರದ ಕಾಗದ ಬಂತು. ಕಾನೂನು ಬದಲಾಗಿದೆ, ಟ್ರಸ್ಟಿನ ಪತ್ರವನ್ನು ಅದಕ್ಕೆ ತಕ್ಕಂತೆ ತಿದ್ದಿಸಿ ಕಳಿಸಿ, ಇಲ್ಲದಿದ್ದರೆ ಫಂಡಿನ ಮಾನ್ಯತೆ ರದ್ದು. ಮಾಲೀಕರು ಕಾಗದವನ್ನು ನನ್ನ ಟೇಬಲ್ಲಿಗೆ ಸರಿಸಿದರು. "ಫಂಡು ನಿಮ್ದು, ಖರ್ಚೂ ನಿಮ್ದೇ" ಎಂದು ಕೈ ತೊಳೆದುಕೊಂಡರು.

ಯಾದಗಿರಿ ಬಸ್ಸು ಹತ್ತಿದೆ. ಸ್ಟೇಷನ್ ರಸ್ತೆಯ ವಕೀಲರು ಹಳೆಯ ಪತ್ರವನ್ನು ನಿಧಾನವಾಗಿ ಓದಿ, ಮೂರು ಸಾವಿರ ಫೀ ಹೇಳಿದರು.

"ನಾಕು ಹಾಳಿ ತಿದ್ದಾಕ ಮೂರು ಸಾವಿರ ಏನ್ರಿ?" ನನ್ನ ದನಿ ಏರಿಯೇಬಿಟ್ಟಿತು.

"ಬರೇ ಹಾಳಿ ತಿದ್ದೋದಲ್ರಿ. ಮಿಲ್ಲಿಗೆ ಬಂದು ಒಬ್ಬೊಬ್ಬರನ್ನೂ ಕೂಡಿಸ್ಕೊಂಡು ಮಾತಾಡಬೇಕು. ಯಾರಿಗೆ ಯಾರು ಅದಾರ ಅಂತ ತಿಳೀದ ಬರ್ಯಾಕ ಬರಂಗಿಲ್ಲ" ಎಂದರು ವಕೀಲರು.

ಅಲ್ಲಾ, ಹೆಂಡತಿ ಮಕ್ಕಳ ಹೆಸರು ಕೇಳಿ ಬರೆಯಲು ವಕೀಲ ಯಾಕೆ ಬೇಕು? ಇಪ್ಪತ್ತಾರು ಮನೆಗಳ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದೂ ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ವಕೀಲರನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ.

ಸುರಪುರದ ಒಂದು ಮಿಲ್ಲಿನವರು ಆಗಲೇ ತಮ್ಮ ಪತ್ರ ತಿದ್ದಿಸಿದ್ದರು. ಅಲ್ಲಿಯ ಗುಮಾಸ್ತ ನನ್ನ ಗೆಳೆಯ. ಒಂದು ಪ್ಲೇಟು ಭಜಿ, ಎರಡು ಚಹಾ ಆಗುವಷ್ಟರಲ್ಲಿ ಅದರ ನಕಲು ನನ್ನ ಚೀಲ ಸೇರಿತು. ಮಿಲ್ಲಿನ ಹೆಸರು, ಊರು ಎರಡನ್ನೇ ಬದಲಿಸಿ, ಕೋರ್ಟಿನ ಮುಂದೆ ಕೂರುವ ಟೈಪಿಸ್ಟನಿಂದ ಟೈಪು ಮಾಡಿಸಿದೆ. ಅರವತ್ತು ರೂಪಾಯಿಯಲ್ಲಿ ಕೆಲಸ ಮುಗಿಯಿತು.

ಸಭೆಯಲ್ಲಿ ಇದನ್ನು ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ಓದಿ ಹೇಳು ಎಂದು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ಓದಿರಲಿಲ್ಲ. ಹತ್ತಿ ಆರಿಸುವ ಅವ್ವ ಎಲ್ಲರಿಗಿಂತ ಮೊದಲು ಬಂದು ಹೆಬ್ಬೆಟ್ಟು ಒತ್ತಿದಳು. "ನಮ್ಮ ಮುನೀಮಪ್ಪ ಭಾಳ ಶಾಣ್ಯಾ ಅದಾನಪಾ!" ಎಂದು ನನ್ನ ಗಲ್ಲ ಸವರಿದಳು. ನಾನು ಆ ದಿನವೆಲ್ಲ ಉಬ್ಬಿ ಓಡಾಡಿದೆ.

ಈ ಅವ್ವ ಬಳಿಚಕ್ರದ ಕಡೆಯವಳು. ಮದುವೆಯಾದ ವರ್ಷಕ್ಕೇ ಗಂಡ ಸತ್ತ, ಅವನ ಮನೆಯವರು ಇವಳನ್ನು ಹೊರಗೆ ಹಾಕಿದರು. ಆಮೇಲೆ ತಂಗಿ ಹೆರಿಗೆಯಲ್ಲಿ ಹೋದಳು, ಆ ಹಸುಗೂಸನ್ನು ಅವ್ವನೇ ಎತ್ತಿಕೊಂಡು ಸಾಕಿದಳು. ನಮ್ಮ ಕಡೆ ತಂಗಿಯ ಕೂಸೆಂದರೆ ತನ್ನದೇ ಕೂಸು, ಸಾಕಿದ ಮೇಲಂತೂ ಅದನ್ನು ಯಾರೂ ಬೇರೆಯೆಂದು ಎಣಿಸುವುದಿಲ್ಲ. ಫಂಡಿನ ಹಣ ಯಾರಿಗೆ ಎಂಬ ಫಾರ್ಮಿನಲ್ಲಿ ಆ ಹುಡುಗಿಯ ಹೆಸರನ್ನು ನಾನೇ ಬರೆದಿದ್ದೆ. "ಆ ರೊಕ್ಕ ನಂದಲ್ಲಪಾ. ಅಕಿ ನರ್ಸ್ ಆಗ್ಬೇಕು, ಅದಕ್ಕ ಇಟ್ಟೀನಿ" ಎಂದು ಅವ್ವ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಎರಡು ವರ್ಷದ ಮೇಲೆ ಅವ್ವನಿಗೆ ಜ್ವರ ಬಂತು, ಹತ್ತೇ ದಿನಕ್ಕೆ ತೀರಿಕೊಂಡಳು. ಹುಡುಗಿ ಆಗ ಪಿಯುಸಿ ಮುಗಿಸಿದ್ದಳು. ಹಣವನ್ನು ಅವಳಿಗೆ ಕೊಡಲು ಒಪ್ಪಿಗೆ ಕೇಳಿ ನಾನು ಅದೇ ವಾರ ಸರಕಾರದ ಕಚೇರಿಗೆ ಕಾಗದ ಕಳಿಸಿದೆ, ಕಾಗದ ಹೋದಷ್ಟೇ ಬೇಗ ತಿರುಗಿ ಬಂತು. ನಮ್ಮ ಹೊಸ ಪತ್ರದ ಹನ್ನೊಂದನೆಯ ಕಲಮಿನ ಪ್ರಕಾರ ಹಣ ಸಲ್ಲುವುದು ಗಂಡ, ಹೆಂಡತಿ, ಹೆತ್ತ ಮಕ್ಕಳು, ತಂದೆತಾಯಿಗೆ ಮಾತ್ರ. ಅವರಿಲ್ಲದಿದ್ದರೆ ಕಾನೂನಿನ ವಾರಸುದಾರರಿಗೆ. ನಮ್ಮ ಹಳೆಯ ಪತ್ರದಲ್ಲಿ ಯಾರ ಹೆಸರನ್ನಾದರೂ ಬರೆಸಬಹುದಿತ್ತು. ಸುರಪುರದ ಮಿಲ್ಲಿನಲ್ಲಿ ಇದ್ದವರೆಲ್ಲ ಹೆಂಡಿರು ಮಕ್ಕಳಿರುವ ಗಂಡಸರು, ಅವರ ವಕೀಲರು ಅವರಿಗೆ ಒಪ್ಪುವಂತೆ ಬರೆದಿದ್ದರು. ಆ ಕಲಮನ್ನು ನಾನು ಮೊದಲ ಸಲ ಓದಿದ್ದು ಅಂದೇ.

ಮತ್ತೆ ಯಾದಗಿರಿಗೆ ಓಡಿದೆ. ಮೂರಲ್ಲ, ಆರು ಸಾವಿರ ಕೊಡುತ್ತೇನೆ, ತಿದ್ದಿಕೊಡಿ ಎಂದು ಅದೇ ವಕೀಲರ ಮುಂದೆ ಕೈ ಮುಗಿದೆ.

"ಇವತ್ತು ತಿದ್ದಿದ್ರ ಮುಂದಿನವರಿಗೆ ಹತ್ತತೈತ್ರಿ. ಸತ್ತಾಕಿಗೆ ಹತ್ತಂಗಿಲ್ಲ" ಎಂದರು. ಅವರು ನನ್ನನ್ನು ಹಂಗಿಸಲಿಲ್ಲ, ಹಂಗಿಸಿದ್ದರೆ ಚೆನ್ನಾಗಿತ್ತು.

ಹುಡುಗಿಯನ್ನು ಸಾಕಿದ್ದಕ್ಕೆ ದತ್ತಕದ ಕಾಗದವಿರಲಿಲ್ಲ, ಮಕ್ಕಳಿಲ್ಲದ ವಿಧವೆಯ ಹಣ ಕಾನೂನಿನಲ್ಲಿ ಗಂಡನ ಕಡೆಯವರಿಗೇ ಹೋಗುತ್ತದೆ. ಹಾಗೆ ವಾರಸುದಾರನೆಂದು ಬಂದವನು ಅವ್ವನ ಗಂಡನ ತಮ್ಮ. ಅವಳು ಇದ್ದಾಳೋ ಸತ್ತಾಳೋ ಎಂದು ಒಂದು ದಿನ ಕೇಳಿದವನಲ್ಲ. ಅರ್ಧವನ್ನಾದರೂ ಹುಡುಗಿಗೆ ಬಿಡಪ್ಪಾ ಎಂದು ಬೇಡಿಕೊಂಡೆ.

"ನಾ ಏನ್ ಕಸಗೊಂಡೀನೇನ್ರಿ? ನೀವೇ ಬರದೀರಿ, ನೀವೇ ಕೊಡಾಕತ್ತೀರಿ" ಎಂದ. ಚೆಕ್ಕನ್ನು ನನ್ನ ಕೈಯಾರೆ ಬರೆದುಕೊಟ್ಟೆ.

ಮರುದಿನ ಹುಡುಗಿ ಮಿಲ್ಲಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಎಲ್ಲವನ್ನೂ ಹೇಳಿದೆ. ಸುರಪುರದ ನಕಲು, ಟೈಪಿಸ್ಟ್, ಓದದೆ ಸಹಿ ಮಾಡಿದ್ದು, ಯಾವುದನ್ನೂ ಮುಚ್ಚಲಿಲ್ಲ. ಬೈಯಲಿ, ಅಳಲಿ ಎಂದು ಕಾದೆ.

"ವಕೀಲರಿಗೆ ಎಷ್ಟು ಕೊಡೋದಿತ್ರಿ, ಕಾಕಾ?" ಎಂದು ಕೇಳಿದಳು.

"ಎಲ್ಲಾರೂ ಕೂಡಿ ಮೂರು ಸಾವಿರವ್ವಾ."



"ನೀವು ಅವತ್ತ ಒಂದ್ ಮಾತು ಕೇಳಬೇಕಿತ್ರಿ. ಅಷ್ಟೂ ರೊಕ್ಕ ನಮ್ಮವ್ವ ಒಬ್ಬಾಕಿನೇ ಕೊಡ್ತಿದ್ಳು" ಎಂದಳು.