ಬಿಳಿಚಿದ ಹವಳಗಳ ನಡುವೆ ಮುಳುಗಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಕೆ ಮುಳುಗುವವರ ಗಾಳಿ ಸಿಲಿಂಡರ್‌ಗಳನ್ನು ಒಂದೊಂದಾಗಿ ದೋಣಿಗೆ ಸಾಗಿಸುತ್ತಿದ್ದಾರೆ. ಪ್ರತಿಯೊಂದರ ಕೊಳವೆಯನ್ನೂ ಬಾಯಿಗಿಟ್ಟು ತಾವೇ ಉಸಿರೆಳೆದು ನೋಡುತ್ತಾರೆ. ಎಣ್ಣೆಯ ವಾಸನೆ ಬಂತೋ, ಅದು ಪಕ್ಕಕ್ಕೆ. "ಇನ್ನೊಬ್ಬರ ಉಸಿರು ನೋಡಿ, ಅಂದಾಜಿನ ಮೇಲೆ ಕೊಡೋಕಾಗಲ್ಲ" ಎನ್ನುತ್ತಾರೆ.

ದಡದಲ್ಲಿ ಎಲ್ಲರಿಗೂ ಆಕೆ 'ಮುಳುಗಕ್ಕ'. ಮೊದಲ ಸಲ ಈ ಹೆಸರು ಕೇಳಿದ ಪ್ರವಾಸಿಗರು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಈಜಲೂ ಬಾರದವರನ್ನು ಕೈಹಿಡಿದು ಸಮುದ್ರದಡಿಯ ಹವಳದ ದಿಬ್ಬ ತೋರಿಸಿಕೊಂಡು ಬರುವುದು ಆಕೆಯ ಕೆಲಸ. ಅಲ್ಲಿ ನೀರು ಆಳವಿಲ್ಲ, ಅಲೆಯೂ ಇಲ್ಲ. ಆದರೂ ಭಯಕ್ಕೆ ಆಳದ ಲೆಕ್ಕ ಎಲ್ಲಿದೆ? ಮೀಸೆ ತಿರುವಿಕೊಂಡು ಬಂದ ಒಬ್ಬರು ಎದೆಮಟ್ಟದ ನೀರಲ್ಲೇ ಆಕೆಯ ಕುತ್ತಿಗೆಗೆ ಜೋತುಬಿದ್ದರಂತೆ. "ದೋಣೀಲಿ ಹುಲಿ, ನೀರಲ್ಲಿ ಇಲಿ!" ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ವಿದ್ಯೆ ಕಲಿಸಿದ್ದು ಗಂಡ. ಆತ ಬಂದರಿನಲ್ಲಿ ಹಡಗುಗಳ ತಳ ರಿಪೇರಿ ಮಾಡುತ್ತಿದ್ದ ಮುಳುಗುಗಾರ. ಒಮ್ಮೆ ಆಳದಲ್ಲಿ ಜೊತೆಗಾರನ ಗಾಳಿ ಮುಗಿಯಿತು. ಅವನನ್ನು ತಬ್ಬಿಕೊಂಡು ಆತ ಒಂದೇ ಉಸಿರಿಗೆ ಮೇಲೆ ಬಂದ. ಹಾಗೆ ಬರಬಾರದು, ರಕ್ತದಲ್ಲಿ ಗಾಳಿಗುಳ್ಳೆ ಕಟ್ಟುತ್ತದೆ. ಜೊತೆಗಾರ ಬದುಕಿದ. ಈತನ ಸೊಂಟದ ಕೆಳಗೆ ಸ್ವಾಧೀನ ಹೋಯಿತು.

ಅಂದಿನಿಂದ ಸಂಜೆ ಗಂಡನ ಕಾಲು ನೀವುತ್ತಾ, ನೀರಿನಡಿ ಕಂಡದ್ದನ್ನೆಲ್ಲ ಹೇಳುವುದು ಆಕೆಯ ರೂಢಿ. ಆತ ಕಣ್ಣು ಮುಚ್ಚಿ ಕೇಳುತ್ತಾನೆ. ಆದರೆ ಎರಡು ಬೇಸಿಗೆಗಳ ಹಿಂದೆ ಸಮುದ್ರ ಬಿಸಿಯಾಯಿತು. ಹವಳಗಳು ಬಿಳಿಚಿಕೊಂಡವು, ಆಮೇಲೆ ಪಾಚಿ ಹತ್ತಿ ಸತ್ತವು.

"ಮೊದಲ ದಿನ ಹೇಳೋಕೆ ಬಾಯೇ ಬರ್ಲಿಲ್ಲ. ನೇರಳೆ ಬಣ್ಣದ ಹವಳ ಇನ್ನೂ ದೊಡ್ಡದಾಗಿದೆ ರೀ ಅಂದ್ಬಿಟ್ಟೆ. ಅವರ ಮುಖ ಅರಳ್ತು. ಆಮೇಲೆ ನಿಲ್ಲಿಸೋದು ಹೇಗೆ?"

ಈ ವರ್ಷ ಆತ ಹಟ ಹಿಡಿದ, ತಾನೂ ನೋಡಬೇಕೆಂದು. ಮುಳುಗಕೂಡದು, ಮೇಲೆ ತೇಲಬಹುದು ಎಂದರು ಡಾಕ್ಟರು. ಆಕೆ ಏನೇನೋ ನೆಪ ಹೇಳಿದರು, ನಡೆಯಲಿಲ್ಲ. ಒಂದು ಬೆಳಿಗ್ಗೆ ದೋಣಿಯವರು ಆತನನ್ನು ಎತ್ತಿಕೊಂಡು ಬಂದು ನೀರಿಗಿಳಿಸಿದರು. ಕಣ್ಣಿಗೆ ಮಾಸ್ಕ್, ಬಾಯಲ್ಲಿ ಕೊಳವೆ, ಎದೆಯಡಿ ಹೆಂಡತಿಯ ಅಂಗೈ.

"ನೀರಲ್ಲಿ ಅವರ ಕಾಲೂ ನನ್ನ ಕಾಲಿನ ಹಾಗೇ ತೇಲ್ತಿತ್ತು. ಒಂದು ಗಳಿಗೆ ನಂಗೆ ಎಲ್ಲಾ ಮರೆತೇಹೋಯ್ತು. ಆಮೇಲೆ ಅವರ ಮೈ ಬಿಗಿಯಾಯ್ತು, ನನ್ನ ಕೈಗೆ ಗೊತ್ತಾಯ್ತು. ನೋಡಿದ್ರು ಅಂತ."

ಮನೆಗೆ ಬಂದು ಒದ್ದೆ ಬಟ್ಟೆ ಬದಲಿಸುವಾಗ ಆತ ಕೇಳಿದ, "ಯಾವಾಗಿಂದ ಹೀಗಾಗಿದೆ?"

"ಎರಡು ಬೇಸಿಗೆ ಆಯ್ತು."

"ಇಷ್ಟು ದಿನ ಇದನ್ನ ಒಬ್ಬಳೇ ನೋಡ್ಕೊಂಡು ಬರ್ತಿದ್ದೀಯೇನೇ?"

ಇದನ್ನು ಹೇಳುತ್ತಾ ಆಕೆ ಇನ್ನೊಂದು ಸಿಲಿಂಡರ್ ಎತ್ತಿಕೊಳ್ಳುತ್ತಾರೆ. "ಬೈದಿದ್ರೆ ತಡ್ಕೋತಿದ್ದೆ."

ಈಗಲೂ ಸಂಜೆಯ ಮಾತು ನಿಂತಿಲ್ಲ. ಆದರೆ ಹೇಳಲು ಹೆಚ್ಚೇನೂ ಇರುವುದಿಲ್ಲ. ಮೊನ್ನೆ ಸತ್ತ ಹವಳದ ಸಂದಿಯಲ್ಲಿ ಉಗುರಿನಷ್ಟು ಹೊಸ ಚಿಗುರು ಕಂಡಿತು. ಓಡೋಡಿ ಬಂದು ಹೇಳಿದರು. ಗಂಡ ಆಕೆಯ ಮುಖವನ್ನೇ ನೋಡಿ, ಮೆಲ್ಲಗೆ "ನಿಜನಾ?" ಎಂದ.

ದೋಣಿ ಹೊರಡಲು ಸಿದ್ಧವಾಗಿದೆ. ಆಕೆ ಸೊಂಟಕ್ಕೆ, ಮುಳುಗಲು ಬೇಕಾದ ತೂಕದ ಪಟ್ಟಿ ಬಿಗಿಯುತ್ತಾರೆ.

"ಹವಳ ಮತ್ತೆ ಬೆಳೆಯೋದು ನಮ್ಮ ಕಾಲಕ್ಕಾಗುತ್ತೋ ಇಲ್ವೋ. ನಾನು ಹೇಳಿದ್ದಕ್ಕೆ ಅವರು ಮೊದಲಿನ ಹಾಗೆ ಸುಮ್ನೆ ಕಣ್ಣು ಮುಚ್ಕೊಂಡು ಕೇಳಿದ್ರೆ ಸಾಕು ನಂಗೆ."